ಹಳೆಯ ಪಿಕಪ್ಪು ನಡುದಾರಿಯಲ್ಲಿ ಕೈಕೊಟ್ಟರೆ



ಬೇರೆಯವರನ್ನು ಕ್ಯಾಮೆರಾದ ಮುಂದೆ ಕೂರಿಸಿ ಮಾತನಾಡಿಸುವುದು ನನ್ನ ನಿತ್ಯದ ಕೆಲಸ. ಇಂದು ನಾನೇ ಕುಳಿತಿದ್ದೇನೆ. ವಿಷಯ ಒಂದು ಬಗೆಯ ವಾಹನ, ಮತ್ತು ಅದಕ್ಕೆ ಒದಗುವ ಒಂದು ಗಂಡಾಂತರ.

ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆ ಓಡಾಡಿದವರು ಈ ವಾಹನವನ್ನು ನೋಡಿಯೇ ಇರುತ್ತೀರಿ. ಮುಂಭಾಗ ಹಳೆಯ ವಿಲ್ಲಿಸ್ ಅಥವಾ ಮಹೀಂದ್ರ ಜೀಪಿನದು. ಹಿಂಭಾಗದ ಸೀಟು ಕಿತ್ತು, ಚಾಸಿಯನ್ನು ತುಸು ಉದ್ದ ಮಾಡಿ, ತೆರೆದ ತೊಟ್ಟಿಯೊಂದನ್ನು ಕೂರಿಸಿರುತ್ತಾರೆ. ಕಾಫಿ ಮೂಟೆ, ಗೊಬ್ಬರ, ಸೌದೆ ಎಲ್ಲವೂ ಅದರಲ್ಲೇ. ಬಾನೆಟ್ ಎತ್ತಿ ನೋಡಿದರೆ ಹುಟ್ಟಿದಾಗ ಇದ್ದ ಪೆಟ್ರೋಲ್ ಎಂಜಿನ್ ಅಲ್ಲಿರುವುದಿಲ್ಲ. ಯಾವುದೋ ಡೀಸೆಲ್ ಎಂಜಿನ್ ಕುಳಿತಿರುತ್ತದೆ. ಸ್ಟೀರಿಂಗು ಇನ್ನೊಂದು ಗಾಡಿಯದು, ಆಲ್ಟರ್ನೇಟರ್ ಮತ್ತೊಂದರದು. ನೋಡಲು ಅಂದ, ಏರಲು ಬಲ. ಮಾಲೀಕರಿಗೆ ಮಗನಿಗಿಂತ ಒಂದು ಗುಲಗಂಜಿ ಹೆಚ್ಚೇ ಪ್ರೀತಿ.

ಅಮೆರಿಕದಲ್ಲಿ ಇದೇ ಹವ್ಯಾಸ ಒಂದು ದೊಡ್ಡ ಉದ್ಯಮವಾಗಿಯೇ ಬೆಳೆದಿದೆ. 1947ರಲ್ಲಿ ಬಂದ ಷೆವರ್ಲೆ 3100, 1948ರ ಫೋರ್ಡ್ ಎಫ್-1 ಇಂಥ ಪಿಕಪ್ಪುಗಳ ಹೊರಮೈಯನ್ನು ಹಾಗೆಯೇ ಉಳಿಸಿಕೊಂಡು, ಒಳಗೆ ಐವತ್ತು ವರ್ಷ ಈಚಿನ ವಿ-8 ಎಂಜಿನ್ ಇಡುತ್ತಾರೆ. ಷೆವರ್ಲೆ ನಮಗೂ ಹೊರಗಿನದೇನಲ್ಲ. ಮುಂಬಯಿಯ ಸೇವ್ರಿಯಲ್ಲಿ ಜನರಲ್ ಮೋಟಾರ್ಸ್‌ನವರು 1928ರಿಂದ 1954ರವರೆಗೆ ಷೆವರ್ಲೆ ವಾಹನಗಳನ್ನು ಜೋಡಿಸುತ್ತಿದ್ದರು. ಆ ಕಾಲದ ಒಂದೊಂದು ಗಾಡಿ ಇಂದಿಗೂ ಅಲ್ಲಲ್ಲಿ ಉಸಿರಾಡುತ್ತಿದೆ.

ಮಲೆನಾಡಿನ ಜೀಪಿರಲಿ, ಅಮೆರಿಕದ ಷೆವರ್ಲೆಯಿರಲಿ, ಎರಡಕ್ಕೂ ಸಮನಾದ ಒಂದು ಗುಣವಿದೆ. ಎರಡು ಕಾಲದ, ಎರಡು ಕಾರ್ಖಾನೆಯ ವಸ್ತುಗಳನ್ನು ಒಬ್ಬ ಕುಶಲಕರ್ಮಿ ಒಂದೇ ಚಾಸಿಯ ಮೇಲೆ ಮದುವೆ ಮಾಡಿಸಿರುತ್ತಾನೆ. ಇಂಥ ಗಾಡಿ ಓಡುತ್ತಿದ್ದಂತೆಯೇ ಎಂಜಿನ್ ಫಕ್ಕನೆ ನಿಂತರೆ ದೋಷ ಬಹುತೇಕ ಹಳೆಯದರಲ್ಲೂ ಇರುವುದಿಲ್ಲ, ಹೊಸದರಲ್ಲೂ ಇರುವುದಿಲ್ಲ. ಎರಡನ್ನೂ ಕೂಡಿಸಿದ ಜಾಗದಲ್ಲಿ ಇರುತ್ತದೆ. ಅದು ಹೇಗೆಂಬುದನ್ನು ಮುಂದೆ ನೋಡೋಣ. ಅದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ.

ದೂರದರ್ಶನದಲ್ಲಿ ನೇರ ಪ್ರಸಾರ ನಡೆಯುವಾಗ ಚಿತ್ರ ಹೋಯಿತೆನ್ನಿ. ಅಡಚಣೆಗೆ ವಿಷಾದ ಸೂಚಿಸುವ ಫಲಕವೊಂದು ಪರದೆಯ ಮೇಲೆ ಬರುವುದನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ, ಬೈದೂ ಇದ್ದೀರಿ. ಯಾವ ತಂತಿ ಕಿತ್ತಿತು ಎಂದು ನಾವು ಆ ಕ್ಷಣದಲ್ಲಿ ಹುಡುಕುವುದಿಲ್ಲ. ಮೊದಲು ಫಲಕ, ಆಮೇಲೆ ಹುಡುಕಾಟ. ಎಂಜಿನ್ ನಿಂತಾಗಲೂ ಇದೇ ಕ್ರಮ. ನಿಂತಿರುವುದು ಎಂಜಿನ್ ಮಾತ್ರ, ಗಾಡಿ ನಿಂತಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ ಸುಮಾರು ಹದಿನೇಳು ಮೀಟರ್. 'ಏನಾಯಿತಪ್ಪಾ' ಎಂದು ಮೀಟರುಗಳ ಕಡೆ ಕಣ್ಣು ಹಾಯಿಸಿ, ಕೀಲಿ ತಿರುಗಿಸಿ ನೋಡುವ ಆರು ಸೆಕೆಂಡಿನಲ್ಲಿ ಗಾಡಿ ನೂರು ಮೀಟರ್ ದಾಟಿರುತ್ತದೆ.

ಈ ಕ್ಷಣಗಳಲ್ಲಿ ಚಾಲಕನ ಕೈಯಲ್ಲಿ ಏನು ಉಳಿದಿರುತ್ತದೆ ಎಂಬುದು ಮುಖ್ಯ ಪ್ರಶ್ನೆ. ಬ್ರೇಕಿನಿಂದ ಆರಂಭಿಸೋಣ. 1950ರ ದಶಕದ ಪಿಕಪ್ಪಿನಲ್ಲಿ ಕಾಲಿನ ಬಲವೇ ಬ್ರೇಕಿನ ಬಲ. ಎಂಜಿನ್ ಸತ್ತರೂ ಬದುಕಿದ್ದರೂ ಬ್ರೇಕಿಗೆ ವ್ಯತ್ಯಾಸವಿಲ್ಲ. ಆದರೆ ಗಾಡಿಯನ್ನು ಹೊಸದು ಮಾಡಿಸುವವರು ಸಾಮಾನ್ಯವಾಗಿ ಮೊದಲು ಹಾಕಿಸುವುದೇ ಬ್ರೇಕ್ ಬೂಸ್ಟರ್. ಬಾನೆಟ್ ಕೆಳಗೆ ಕಾಣುವ ಆ ದುಂಡನೆಯ ಡಬ್ಬದೊಳಗೆ ಒಂದು ರಬ್ಬರ್ ಪೊರೆ ಇದೆ. ಪೊರೆಯ ಒಂದು ಬದಿಯ ಗಾಳಿಯನ್ನು ಎಂಜಿನ್ ಹೀರಿಕೊಂಡು ನಿರ್ವಾತ ಉಂಟುಮಾಡುತ್ತದೆ. ಪೆಡಲ್ ಒತ್ತಿದಾಗ ಇನ್ನೊಂದು ಬದಿಗೆ ಹೊರಗಿನ ಗಾಳಿ ನುಗ್ಗಿ ಪೊರೆಯನ್ನು ತಳ್ಳುತ್ತದೆ. ನಮ್ಮ ಮೈಮೇಲೆ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂನಷ್ಟು ಒತ್ತಡ ಹಾಕುವ ವಾಯುಮಂಡಲವೇ ಇಲ್ಲಿ ಕೂಲಿಯಾಳು. ಒಂಬತ್ತು ಅಂಗುಲ ಅಗಲದ ಪೊರೆಯ ಮೇಲೆ ಈ ಬಲ 250 ಕಿಲೋಗ್ರಾಂ ದಾಟುತ್ತದೆ. ಅಷ್ಟು ನೆರವು ನಮಗೆ ಅರಿವಿಲ್ಲದೆಯೇ ದೊರೆಯುತ್ತಿರುತ್ತದೆ.

ಎಂಜಿನ್ ನಿಂತರೆ ಹೊಸ ನಿರ್ವಾತ ಹುಟ್ಟುವುದಿಲ್ಲ. ಡಬ್ಬದಲ್ಲಿ ಉಳಿದಿರುವುದು ಒಂದೆರಡು, ಹೆಚ್ಚೆಂದರೆ ಮೂರು ಸಲ ಒತ್ತುವಷ್ಟು. ಗಾಬರಿಯಲ್ಲಿ ಪೆಡಲನ್ನು ಪದೇ ಪದೇ ಪಂಪ್ ಮಾಡಿದರೆ ಆ ಉಳಿತಾಯವೂ ತೀರಿ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. 'ಬ್ರೇಕ್ ಫೇಲ್ ಆಯಿತು ಸಾರ್' ಎಂದು ಚಾಲಕರು ಹೇಳುವ ಎಷ್ಟೋ ಪ್ರಕರಣಗಳಲ್ಲಿ ನಿಜವಾಗಿ ಆಗಿರುವುದು ಇದೇ. ಬ್ರೇಕ್ ಇರುತ್ತದೆ, ಬೂಸ್ಟರಿನ ನೆರವು ಮಾತ್ರ ಹೋಗಿರುತ್ತದೆ. ಆದ್ದರಿಂದ ಪೆಡಲನ್ನು ಒಂದೇ ಸಲ ದೃಢವಾಗಿ ಒತ್ತಿ, ಒತ್ತಿದ್ದನ್ನು ಬಿಡದೆ ಗಾಡಿ ನಿಲ್ಲಿಸಬೇಕು. ಗಟ್ಟಿಯಾಗಿಯೇ ಹೋದರೆ ಬೆನ್ನನ್ನು ಸೀಟಿಗೆ ಆನಿಸಿ ಎರಡೂ ಕಾಲಿನಿಂದ ಒತ್ತಿ. ನಿಲ್ಲುತ್ತದೆ.

ಇಲ್ಲಿ ಡೀಸೆಲ್ ಎಂಜಿನಿನ ವಿಷಯ ಬೇರೆಯಾಗಿ ಹೇಳಬೇಕು. ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನಿನಂತೆ ತಾನಾಗಿ ನಿರ್ವಾತ ಕೊಡುವುದಿಲ್ಲ. ಅದಕ್ಕೆ ಪ್ರತ್ಯೇಕ ಪಂಪ್ ಬೇಕು, ನಮ್ಮಲ್ಲಿ ಅನೇಕ ಗಾಡಿಗಳಲ್ಲಿ ಆ ಪಂಪನ್ನು ಆಲ್ಟರ್ನೇಟರಿನ ಬೆನ್ನಿಗೇ ಜೋಡಿಸಿರುತ್ತಾರೆ. ಆಲ್ಟರ್ನೇಟರ್ ತಿರುಗುವುದು ಬೆಲ್ಟಿನಿಂದ. ಬೆಲ್ಟ್ ಕಡಿದರೆ ಎಂಜಿನ್ ಇನ್ನೂ ಗುಡುಗುತ್ತಲೇ ಇರುತ್ತದೆ, ಬ್ರೇಕಿನ ನೆರವು ಮಾತ್ರ ಸದ್ದಿಲ್ಲದೆ ಹೋಗಿರುತ್ತದೆ. ಡೀಸೆಲ್ ಹಾಕಿಸಿದ ಜೀಪಿನಲ್ಲಿ ಚಾರ್ಜಿಂಗ್ ದೀಪ ಹತ್ತಿಕೊಂಡರೆ 'ಬ್ಯಾಟರಿ ತಾನೇ, ಊರು ಸೇರಿ ನೋಡೋಣ' ಎಂದು ಮುಂದುವರಿಯುವವರಿದ್ದಾರೆ. ಆ ಕೆಂಪು ದೀಪ ಬ್ಯಾಟರಿಯ ಸುದ್ದಿಯಷ್ಟೇ ಹೇಳುತ್ತಿರುವುದಿಲ್ಲ. ಘಾಟಿ ಇಳಿಯುವ ಮುಂಚೆ ನಿಲ್ಲಿಸಿ ಬೆಲ್ಟ್ ನೋಡಲೇಬೇಕು.

ಸ್ಟೀರಿಂಗಿನ ಮಾತು. ಹಳೆಯ ಜೀಪಿನ ಸ್ಟೀರಿಂಗಿಗೆ ಎಂಜಿನಿನ ಹಂಗಿಲ್ಲ. ಪವರ್ ಸ್ಟೀರಿಂಗ್ ಹಾಕಿಸಿದ್ದರೆ ಎಂಜಿನ್ ನಿಂತೊಡನೆ ಅದು ಭಾರವಾಗುತ್ತದೆ, ಆದರೆ ತಿರುಗುತ್ತದೆ. ನಿಜವಾದ ಅಪಾಯ ಕೀಲಿಯಲ್ಲಿದೆ. ಮೂಲ ಗಾಡಿಯಲ್ಲಿ ಕೀಲಿ ಇದ್ದದ್ದು ಡ್ಯಾಷ್‌ಬೋರ್ಡಿನಲ್ಲಿ. ಈಚಿನ ಕಾರಿನ ಸ್ಟೀರಿಂಗ್ ಕಾಲಂ ತಂದು ಕೂರಿಸಿದ್ದರೆ ಅದರೊಂದಿಗೆ ಸ್ಟೀರಿಂಗ್ ಲಾಕೂ ಬಂದಿರುತ್ತದೆ. ಹಳೆಯ ಅಭ್ಯಾಸದ ಚಾಲಕ ಎಂಜಿನ್ ನಿಂತ ಕೂಡಲೇ ಕೀಲಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಎಳೆದರೆ ಚಕ್ರ ಅಲ್ಲೇ ಬೀಗ ಬೀಳುತ್ತದೆ. ಗಾಡಿ ಸಂಪೂರ್ಣ ನಿಲ್ಲುವವರೆಗೆ ಕೀಲಿಗೆ ಕೈ ಹಾಕಬಾರದು.

ಕ್ಲಚ್ ಒತ್ತಬೇಕೆ, ಬೇಡವೆ? ಈ ಪ್ರಶ್ನೆಗೆ ಚಾಲಕರಲ್ಲೇ ಒಮ್ಮತವಿಲ್ಲ. ಸಮತಟ್ಟು ರಸ್ತೆಯಲ್ಲಿ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿದರೆ ಗಾಡಿ ಇದ್ದ ವೇಗದಲ್ಲೇ ಉರುಳಿ ರಸ್ತೆಯ ಅಂಚು ಸೇರುತ್ತದೆ, ಅದು ಸರಿ. ಇಳಿಜಾರಿನಲ್ಲಿ ಹಾಗೆ ಮಾಡಿದರೆ ಕೈಯಲ್ಲಿದ್ದ ಲಗಾಮನ್ನೇ ಬಿಟ್ಟಂತೆ. ಗೇರಿನಲ್ಲಿದ್ದರೆ ಚಕ್ರಗಳೇ ಸತ್ತ ಎಂಜಿನನ್ನು ತಿರುಗಿಸುತ್ತಿರುತ್ತವೆ. ಪಿಸ್ಟನ್ನುಗಳು ಗಾಳಿಯನ್ನು ಒತ್ತುವ ಶ್ರಮವೆಲ್ಲ ಗಾಡಿಯನ್ನು ಹಿಡಿದಿಡುತ್ತದೆ. ಅಷ್ಟೇ ಅಲ್ಲ, ಬೆಲ್ಟೂ ತಿರುಗುತ್ತಿರುವುದರಿಂದ ಸ್ಟೀರಿಂಗ್ ಪಂಪು, ನಿರ್ವಾತದ ಪಂಪು ಎರಡೂ ಅಷ್ಟಿಷ್ಟು ಕೆಲಸ ಮಾಡುತ್ತಲೇ ಇರುತ್ತವೆ. ಇದಕ್ಕೆ ಒಂದೇ ಅಪವಾದ. ಎಂಜಿನ್ 'ಕಟ್' ಎಂದು ಕಚ್ಚಿಕೊಂಡು, ಅಂದರೆ ಸೀಜ್ ಆಗಿ, ಹಿಂದಿನ ಚಕ್ರಗಳು ಕಿರುಗುಟ್ಟುತ್ತ ಜಾರತೊಡಗಿದರೆ ಆ ಕ್ಷಣವೇ ಕ್ಲಚ್ ಒತ್ತಬೇಕು. ಇಲ್ಲದಿದ್ದರೆ ಗಾಡಿ ಅಡ್ಡಡ್ಡ ತಿರುಗುತ್ತದೆ.

ಗಾಡಿ ನಿಂತಿತು. ಘಾಟಿಯಲ್ಲಾದರೆ ಗುಡ್ಡದ ಬದಿ, ಬಯಲಿನಲ್ಲಾದರೆ ಎಡಗಡೆಯ ಅಂಚು. ನಾಲ್ಕೂ ಇಂಡಿಕೇಟರ್ ಹಾಕಿ, ತಿರುವಿನಿಂದಾಚೆ ಕಾಣುವಂತೆ ತ್ರಿಕೋನವನ್ನೋ ಸೊಪ್ಪಿನ ಕೊಂಬೆಯನ್ನೋ ಇಡಿ. ತೊಟ್ಟಿಯಲ್ಲಿ ಜನರಿದ್ದರೆ ಅವರನ್ನು ಮೊದಲು ಇಳಿಸಿ, ಗಾಡಿಯ ಹಿಂದೆಯಾಗಲಿ ಮುಂದೆಯಾಗಲಿ ಅಲ್ಲ, ಗುಡ್ಡದ ಪಕ್ಕಕ್ಕೆ ಕಳಿಸಿ. ತೋಟದ ಕೂಲಿಯವರನ್ನು ತೆರೆದ ತೊಟ್ಟಿಯಲ್ಲಿ ನಿಲ್ಲಿಸಿಕೊಂಡು ಹೋಗುವುದೇ ತಪ್ಪು. ಹಾಗೆಂದು ಎಲ್ಲರೂ ಒಪ್ಪುತ್ತಾರೆ, ಸಂಜೆ ಐದಕ್ಕೆ ಎಲ್ಲರೂ ಹತ್ತಿಸಿಕೊಳ್ಳುತ್ತಾರೆ. ಎಂಜಿನ್ ಕೈಕೊಟ್ಟಾಗ ಬೆಲೆ ತೆರುವವರು ಮುಂದಿನ ಸೀಟಿನವರಲ್ಲ ಎಂಬುದನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ಮತ್ತೆ, ಚಕ್ರಕ್ಕೆ ಕಲ್ಲು ಕೊಡದೆ ಬಾನೆಟ್ ಎತ್ತಬೇಡಿ. ಹಳೆಯ ವಿಲ್ಲಿಸ್ ಜೀಪಿನ ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರಗಳನ್ನು ನೇರವಾಗಿ ಹಿಡಿಯುವುದಿಲ್ಲ, ಗೇರ್ ಪೆಟ್ಟಿಗೆಯ ಹಿಂದಿನ ತಿರುಗುವ ದಂಡವನ್ನು ಹಿಡಿಯುತ್ತದೆ. ಒಂದು ಹಿಂಚಕ್ರಕ್ಕೆ ಜಾಕ್ ಕೊಟ್ಟು ಎತ್ತಿದಿರೋ, ಡಿಫರೆನ್ಷಿಯಲ್ ತನ್ನ ಗುಣದಂತೆ ಆ ಚಕ್ರವನ್ನು ಗಾಳಿಯಲ್ಲಿ ತಿರುಗಲು ಬಿಡುತ್ತದೆ, ಗಾಡಿ ಉರುಳುತ್ತದೆ.

ಈಗ ಹುಡುಕಾಟ. ಹೇಗೆ ನಿಂತಿತು ಎಂಬುದನ್ನು ನೆನಪಿಸಿಕೊಂಡರೆ ಏಕೆ ನಿಂತಿತು ಎಂಬುದರ ಅರ್ಧ ಉತ್ತರ ಸಿಕ್ಕಂತೆ. ಮನೆಯ ದೀಪದ ಸ್ವಿಚ್ ಆರಿಸಿದಂತೆ ಥಟ್ಟನೆ ನಿಂತಿದ್ದರೆ ದೋಷ ವಿದ್ಯುತ್ತಿನದು. ಕೆಮ್ಮಿ, ಮುಗ್ಗರಿಸಿ, ಮತ್ತೊಮ್ಮೆ ಚೇತರಿಸಿಕೊಂಡು ನಿಂತಿದ್ದರೆ ಇಂಧನದ್ದು. ಸದ್ದು ಮಾಡಿ ನಿಂತಿದ್ದರೆ ಲೋಹದ್ದು. ಡೀಸೆಲ್ ಎಂಜಿನಿಗೆ ಕಿಡಿ ಬೇಡವಲ್ಲ, ಅದೇಕೆ ಥಟ್ಟನೆ ನಿಲ್ಲುತ್ತದೆ ಎಂದು ಕೇಳಬಹುದು. ಕೈಯಿಂದ ಎಳೆಯುವ ಸ್ಟಾಪ್ ಗುಬ್ಬಿಯ ಬದಲು ವಿದ್ಯುತ್ ಸೊಲೆನಾಯ್ಡ್ ಇರುವ ಎಂಜಿನುಗಳಲ್ಲಿ ಅದರ ಒಂದೇ ಒಂದು ತಂತಿ ಸಡಿಲವಾದರೂ ಡೀಸೆಲ್ ಕಟ್ ಆಗುತ್ತದೆ.

ವಿದ್ಯುತ್ತಿನ ದೋಷಗಳಲ್ಲಿ ಈ ಗಾಡಿಗಳಿಗೇ ವಿಶೇಷವಾದದ್ದು ವೋಲ್ಟೇಜಿನ ಕಥೆ. ಹಳೆಯ ವಿಲ್ಲಿಸ್ ಜೀಪುಗಳು ಆರು ವೋಲ್ಟಿನವು. ಷೆವರ್ಲೆ ಪಿಕಪ್ಪುಗಳೂ 1955ರಲ್ಲಿ ಹೊಸ ಮಾದರಿ ಬರುವವರೆಗೆ ಆರು ವೋಲ್ಟಿನವೇ. ಈಗ ಎಲ್ಲರೂ ಹನ್ನೆರಡಕ್ಕೆ ಬದಲಿಸುತ್ತಾರೆ. ಹಳೆಯ ಕಾಯಿಲ್ಲನ್ನೇ ಉಳಿಸಿಕೊಂಡರೆ ಅದಕ್ಕೆ ಹನ್ನೆರಡು ವೋಲ್ಟ್ ನೇರವಾಗಿ ಕೊಡುವಂತಿಲ್ಲ, ನಡುವೆ ಒಂದು ರೆಸಿಸ್ಟರ್ ಇರಬೇಕು. ಸೆಲ್ಫ್ ಹೊಡೆಯುವಾಗ ಮಾತ್ರ ಆ ರೆಸಿಸ್ಟರನ್ನು ಬಳಸಿಹೋಗುವ ಬೇರೆ ದಾರಿಯಲ್ಲಿ ವಿದ್ಯುತ್ ಹರಿಯುವಂತೆ ಜೋಡಿಸಿರುತ್ತಾರೆ. ರೆಸಿಸ್ಟರ್ ಸುಟ್ಟುಹೋದಾಗ ತಮಾಷೆ ನೋಡಬೇಕು. ಸೆಲ್ಫ್ ಹೊಡೆದರೆ ಎಂಜಿನ್ ಚುರುಕಾಗಿ ಹಿಡಿಯುತ್ತದೆ, ಕೀಲಿಯಿಂದ ಕೈ ಬಿಟ್ಟ ಕ್ಷಣವೇ ಸಾಯುತ್ತದೆ. ಇದನ್ನು ನೋಡಿ ಕಾರ್ಬ್ಯುರೇಟರ್ ಬಿಚ್ಚಿ ರಸ್ತೆಯ ಮೇಲೆ ಹರಡಿಕೊಂಡು ಕೂತವರುಂಟು. ರೋಗವಿದ್ದದ್ದು ಬೆರಳುದ್ದದ ಪಿಂಗಾಣಿ ತುಂಡಿನಲ್ಲಿ.

ಇನ್ನೊಂದು ಅರ್ಥಿಂಗ್. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಚಾಸಿಯ ಮೂಲಕ ಮರಳಬೇಕು. ಹೊಸ ಎಂಜಿನನ್ನು ರಬ್ಬರ್ ಬುಡಗಳ ಮೇಲೆ ಕೂರಿಸಿ, ಚಾಸಿಗೆ ಬಣ್ಣ ಬಳಿದು ಮಿನುಗಿಸಿದಾಗ ಆ ಮರಳುವ ದಾರಿಗೆ ಒಂದು ಸಪೂರ ತಂತಿಯಷ್ಟೇ ಗತಿಯಾಗುತ್ತದೆ. ಗುಂಡಿಯೊಂದಕ್ಕೆ ಇಳಿದಾಗ ಅದು ಅಲುಗಿದರೆ ಸಾಕು. ಎಂಜಿನಿನಿಂದ ಚಾಸಿಗೆ, ಚಾಸಿಯಿಂದ ಬಾಡಿಗೆ, ಬಣ್ಣ ಕೆರೆದು ತೆಗೆದ ಜಾಗದಲ್ಲಿ ದಪ್ಪನೆಯ ಪಟ್ಟಿಗಳು ಇರಲೇಬೇಕು.

ಕಿಡಿ ಇದೆಯೇ ಎಂದು ನೋಡುವುದು ನಡುಜಾಗದ ಪರೀಕ್ಷೆ. ಸ್ಟುಡಿಯೋದಲ್ಲಿ ಸಿಗ್ನಲ್ ಹೋದಾಗ ನಾವು ಸರಪಳಿಯ ನಟ್ಟನಡುವೆ ಪರೀಕ್ಷೆ ಮಾಡಿ, ದೋಷ ಈಚೆಗೋ ಆಚೆಗೋ ಎಂದು ತೀರ್ಮಾನಿಸುತ್ತೇವೆ. ಇಲ್ಲೂ ಹಾಗೆಯೇ. ಕಾಯಿಲ್ಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ದಪ್ಪ ತಂತಿಯ ತುದಿಯನ್ನು ಒಣ ಬಟ್ಟೆಯಲ್ಲೋ ರಬ್ಬರ್ ಹಿಡಿಯ ಇಕ್ಕಳದಲ್ಲೋ ಹಿಡಿದು ಎಂಜಿನಿನ ಲೋಹದ ಹತ್ತಿರ ತಂದು ಸೆಲ್ಫ್ ಹೊಡೆಸಿ. ನೀಲಿಯಾಗಿ 'ಟಕ್ ಟಕ್' ಎಂದು ಹಾರಿದರೆ ದೋಷ ಮುಂದಿದೆ. ಹಳದಿಯಾಗಿ ಸೊರಗಿದ್ದರೆ ಕಂಡೆನ್ಸರನ್ನು ಅನುಮಾನಿಸಿ. ಏನೂ ಇಲ್ಲದಿದ್ದರೆ ಪಾಯಿಂಟ್, ಕಾಯಿಲ್, ಸ್ವಿಚ್ಚಿನ ಕಡೆ ಹಿಂದಕ್ಕೆ ಹೋಗಿ. ಇಲ್ಲಿ ಹಾರುವುದು ಹತ್ತಾರು ಸಾವಿರ ವೋಲ್ಟ್. ಪೆಟ್ರೋಲಿನ ವಾಸನೆ ಬರುತ್ತಿದ್ದರೆ ಈ ಪರೀಕ್ಷೆಯ ಗೊಡವೆಯೇ ಬೇಡ, ಬ್ಯಾಟರಿಯ ತಂತಿ ಕಳಚಿ ದೂರ ನಿಲ್ಲಿ.

ಕಿಡಿ ಸರಿಯಿದ್ದರೆ ಇಂಧನ. ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ. 'ಸುಸ್' ಎಂದು ಗಾಳಿ ಒಳಗೆ ನುಗ್ಗಿದ ಸದ್ದಾದರೆ ರೋಗವೂ ಅದೇ, ಮದ್ದೂ ಅದೇ. ಗಾಳಿಯಾಡುವ ಕಿಂಡಿ ಮುಚ್ಚಿಹೋಗಿ ಟ್ಯಾಂಕಿನಲ್ಲಿ ನಿರ್ವಾತ ಬೆಳೆದಿತ್ತು. ಬೇಸಗೆಯಲ್ಲಿ, ಅದರಲ್ಲೂ ನಿಧಾನವಾಗಿ ಏರು ಹತ್ತುವಾಗ ನಿಂತರೆ ವೇಪರ್ ಲಾಕ್ ಇರಬಹುದು. ಪೆಟ್ರೋಲಿನ ಹಗುರ ಅಂಶಗಳು ಸುಮಾರು 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಬಿಸಿ ಎಂಜಿನಿನ ಪಕ್ಕದ ಎ.ಸಿ. ಪಂಪಿನಲ್ಲಿ ಆವಿ ತುಂಬಿಕೊಂಡರೆ ಪಂಪ್ ಬರಿದೇ ಬಾಯಿ ಬಡಿಯುತ್ತದೆ. ಪಂಪಿಗೂ ಪೈಪಿಗೂ ಒದ್ದೆ ಬಟ್ಟೆ ಸುತ್ತಿ, ಬಾನೆಟ್ ತೆರೆದು ಅರ್ಧ ಗಂಟೆ ಕಾಯಿರಿ. ಅಮೆರಿಕದಲ್ಲಿ ಪೆಟ್ರೋಲ್ ಪೈಪಿನ ಉದ್ದಕ್ಕೂ ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳನ್ನು ಸಿಕ್ಕಿಸುವ ಹಳೆಯ ಪದ್ಧತಿಯೊಂದಿದೆ. ನನಗಂತೂ ಅದರಲ್ಲಿ ನಂಬಿಕೆಯಿಲ್ಲ. ಕ್ಲಿಪ್ ಸಿಕ್ಕಿಸಿ ಮುಗಿಸುವಷ್ಟರಲ್ಲಿ ಪೈಪು ತಣ್ಣಗಾಗಿರುತ್ತದೆ.

ಈಗ ಇದಕ್ಕೊಂದು ಹೊಸ ಕಾರಣವೂ ಸೇರಿಕೊಂಡಿದೆ. ಶೇಕಡ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಚಾಲನೆ ದೊರೆತದ್ದು ನಮ್ಮ ಬೆಂಗಳೂರಿನಲ್ಲೇ. ಈಚಿನ ವಾಹನಗಳನ್ನು ಅದಕ್ಕೆಂದೇ ಅಣಿಗೊಳಿಸಿದ್ದಾರೆ. ಆದರೆ 1950ರ ದಶಕದ ಎ.ಸಿ. ಪಂಪಿನ ರಬ್ಬರ್ ಪೊರೆ, ಹಳೆಯ ಹೋಸ್ ಪೈಪು ಇವುಗಳನ್ನು ಎಥನಾಲ್ ಮೆತ್ತಗೆ ಮಾಡುತ್ತದೆ. ನೀರನ್ನು ಹೀರಿಕೊಳ್ಳುವ ಗುಣ ಅದಕ್ಕಿರುವುದರಿಂದ ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಗಾಡಿಯ ಟ್ಯಾಂಕಿಗೂ ಒಳ್ಳೆಯದಲ್ಲ. ಟ್ಯಾಂಕಿನ ಗೋಡೆಗಂಟಿದ ದಶಕಗಳ ಗಸಿಯನ್ನು ಎಬ್ಬಿಸಿ ಫಿಲ್ಟರಿಗೆ ತಂದು ತುಂಬುತ್ತದೆ. ಪೆಟ್ರೋಲ್ ಎಂಜಿನನ್ನೇ ಉಳಿಸಿಕೊಂಡಿರುವವರು ಪೊರೆ, ಪೈಪು, ಕಾರ್ಬ್ಯುರೇಟರಿನ ವಾಷರುಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಿಸಿಕೊಳ್ಳುವುದು ಒಳಿತು.

ಅಮೆರಿಕದ ಹವ್ಯಾಸಿಗಳಿಗೆ ಬೇರೊಂದು ತಲೆನೋವು. ಅಲ್ಲಿ ಹೆಚ್ಚು ಜನಪ್ರಿಯವಾಗಿರುವ ಎಲ್‌ಎಸ್ ಬಗೆಯ ವಿ-8 ಎಂಜಿನಿಗೆ ಕಾರ್ಬ್ಯುರೇಟರ್ ಇಲ್ಲ, ಇಂಜೆಕ್ಷನ್. ಕಾರ್ಬ್ಯುರೇಟರಿಗೆ ಚದರ ಅಂಗುಲಕ್ಕೆ ಐದಾರು ಪೌಂಡು ಒತ್ತಡದ ಪೆಟ್ರೋಲ್ ಸಾಕು, ಇದಕ್ಕೆ 58 ಪೌಂಡು ಬೇಕು. ಹಳೆಯ ಟ್ಯಾಂಕಿನೊಳಗೆ ಅಡ್ಡಗೋಡೆಗಳಿಲ್ಲ. ಕಾಲು ಟ್ಯಾಂಕಿನಷ್ಟೇ ಇದ್ದಾಗ ಜೋರಾದ ತಿರುವಿನಲ್ಲಿ ಪೆಟ್ರೋಲೆಲ್ಲ ಒಂದು ಬದಿಗೆ ವಾಲಿ, ಪಂಪ್ ಒಂದು ಗುಟುಕು ಗಾಳಿ ನುಂಗುತ್ತದೆ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಆ ಹೊತ್ತಿಗೆ ಸಾಕಾಗುವಷ್ಟು ಇರುತ್ತಿತ್ತು. ಇಂಜೆಕ್ಷನ್ನಿಗೆ ಅಂಥ ಉಗ್ರಾಣವಿಲ್ಲ, ತಿರುವಿನ ನಡುವೆಯೇ ಎಂಜಿನ್ ನಿಲ್ಲುತ್ತದೆ. ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಏನೂ ಆಗದಂತೆ ಹೊರಡುವ ಚಾಳಿಯಿದ್ದರೆ ಕ್ರ್ಯಾಂಕಿನ ಸೆನ್ಸರನ್ನು ಪರೀಕ್ಷಿಸಬೇಕು. ಪಂಪಿನ ಸದ್ದೇ ಇಲ್ಲದಿದ್ದರೆ, ಅಳತೆ ಒಂದೇ ಆಗಿದ್ದಲ್ಲಿ, ಹಾರನ್ನಿನ ರಿಲೇ ಕಿತ್ತು ಪಂಪಿನ ಜಾಗಕ್ಕೆ ಹಾಕಿ ನೋಡುವುದು ರಸ್ತೆಬದಿಯ ಸುಲಭ ಪರೀಕ್ಷೆ.

ನಮ್ಮ ಡೀಸೆಲ್ ಪಿಕಪ್ಪುಗಳ ಮುಖ್ಯ ಶತ್ರು ಗಾಳಿ. ಕೆಲವು ವರ್ಷಗಳ ಹಿಂದೆ ಚಿತ್ರೀಕರಣಕ್ಕೆಂದು ಇಂಥ ಒಂದು ಜೀಪು ಪಿಕಪ್ಪಿನಲ್ಲಿ ಸಾಮಾನು ಹೇರಿಕೊಂಡು ಚಾರ್ಮಾಡಿ ಘಾಟಿ ಹತ್ತುತ್ತಿದ್ದೆವು. ಮಳೆ ಹನಿಯುತ್ತಿತ್ತು. ಕೊಟ್ಟಿಗೆಹಾರ ಇನ್ನೂ ದೂರವಿತ್ತು. ಎಂಜಿನ್ ಎರಡು ಸಲ ಮುಗ್ಗರಿಸಿ ನಿಂತಿತು. ಏರಿನಲ್ಲಿ ಎಂಜಿನ್ ನಿಂತರೆ ಗಾಡಿ ನಿಲ್ಲಲು ಕ್ಷಣವೂ ಬೇಡ, ಆಮೇಲೆ ಹಿಂದಕ್ಕೆ ಉರುಳುತ್ತದೆ. ಚಾಲಕ ಬ್ರೇಕನ್ನು ಒಂದೇ ಸಲ ಒತ್ತಿ ಹಿಡಿದ, ಮೊದಲನೇ ಗೇರಿಗೆ ಹಾಕಿದ, ಹ್ಯಾಂಡ್ ಬ್ರೇಕ್ ಎಳೆದ, ಪೆಡಲಿನಿಂದ ಕಾಲು ತೆಗೆಯದೆಯೇ ಕೂಗಿದ: "ಸಾರ್, ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ ಸಾರ್." ಎರಡೂ ಚಕ್ರಕ್ಕೆ ಕಲ್ಲು ಬಿದ್ದ ಮೇಲೆಯೇ ಅವನ ಕಾಲು ಮೇಲೆದ್ದದ್ದು. ನಮ್ಮ ಹಿಂದೆ ಹತ್ತು ಮಾರು ದೂರದಲ್ಲಿ ಮಂಜು ಮುಸುಕಿದ ತಿರುವು, ಅದರಾಚೆ ಕಣಿವೆ.

ಟ್ಯಾಂಕಿನಲ್ಲಿ ಡೀಸೆಲ್ ಇತ್ತು. ಪೈಪಿನ ಉದ್ದಕ್ಕೂ ಒಂದು ತೊಟ್ಟೂ ಸೋರಿರಲಿಲ್ಲ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತಿದಾಗ ಬರೀ ನೊರೆ ಬಂತು. ಗಾಳಿ ಎಲ್ಲಿಂದ ಬಂತು? ತೊಟ್ಟಿಯ ಅಡಿಗೆ ಹೊಸದಾಗಿ ಕೂರಿಸಿದ ಟ್ಯಾಂಕಿನ ಕಬ್ಬಿಣದ ಕೊಳವೆಯನ್ನು ಎಂಜಿನಿನ ಕೊಳವೆಗೆ ಸೇರಿಸಲು ಒಂದು ಗೇಣುದ್ದ ರಬ್ಬರ್ ಹೋಸ್ ಹಾಕಿದ್ದರು. ಎರಡು ಕೊಳವೆಗಳ ದಪ್ಪ ಒಂದೇ ಅಲ್ಲ. ಕ್ಲಿಪ್ಪಿನ ಬುಡದಲ್ಲಿ ರಬ್ಬರು ಕೂದಲೆಳೆಯಷ್ಟು ಸೀಳಿತ್ತು. ಪಂಪ್ ಹೀರುವ ಬದಿಯಲ್ಲಿ ಸೀಳಿದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಸಮತಟ್ಟಿನಲ್ಲಿ ನೂರಾರು ಮೈಲಿ ಸರಿಯಾಗಿ ಓಡಿದ ಗಾಡಿ ಏರಿನಲ್ಲೇ ನಿಂತದ್ದೇಕೆ ಎಂಬುದೂ ಸ್ಪಷ್ಟವಾಯಿತು. ಏರಿನಲ್ಲಿ ಹಿಂದಿನ ಟ್ಯಾಂಕು ಎಂಜಿನಿಗಿಂತ ಇನ್ನಷ್ಟು ಕೆಳಗಾಗುತ್ತದೆ, ಪಂಪ್ ಇನ್ನಷ್ಟು ಬಲವಾಗಿ ಹೀರಬೇಕಾಗುತ್ತದೆ, ಸೀಳು ಬಾಯಿ ತೆರೆಯುತ್ತದೆ. ಚಾಲಕ ಹೋಸಿನ ತುದಿಯನ್ನು ಒಂದಂಗುಲ ಕತ್ತರಿಸಿ, ಮತ್ತೆ ತೂರಿಸಿ, ಕ್ಲಿಪ್ ಬಿಗಿದ. ನೊರೆ ಹೋಗಿ ಗಟ್ಟಿ ಡೀಸೆಲ್ ಬರುವವರೆಗೆ ಪಂಪ್ ಮಾಡಿ ಸ್ಕ್ರೂ ಮುಚ್ಚಿದ. ಇಪ್ಪತ್ತು ನಿಮಿಷದ ಕೆಲಸ.

ಸದ್ದಿನೊಂದಿಗೆ ನಿಂತ ಎಂಜಿನಿನ ಬಗ್ಗೆ ಹೇಳಲು ಕಡಿಮೆ, ಏಕೆಂದರೆ ರಸ್ತೆಯಲ್ಲಿ ಮಾಡಲು ಕಡಿಮೆ. ಒಂದು ಪರೀಕ್ಷೆ ಮಾತ್ರ ತಿಳಿದಿರಲಿ. ಹಳೆಯ ಷೆವರ್ಲೆ, ವಿಲ್ಲಿಸ್ ಪೆಟ್ರೋಲ್ ಎಂಜಿನುಗಳಲ್ಲಿ ಸದ್ದು ಕಡಿಮೆಯಾಗಲೆಂದು ಟೈಮಿಂಗ್ ಗೇರನ್ನು ಫೈಬರಿನಲ್ಲಿ ಮಾಡುತ್ತಿದ್ದರು. ಅದರ ಹಲ್ಲು ಸವೆದು ಉದುರಿದರೆ ಎಂಜಿನ್ ನಿಲ್ಲುತ್ತದೆ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಸೆಲ್ಫ್ ಹೊಡೆಸಿ, ಒಳಗಿನ ರೋಟರ್ ತಿರುಗದಿದ್ದರೆ ಕಥೆ ಅಷ್ಟೇ, ಹಗ್ಗ ತರಿಸಿ. ಸೆಲ್ಫ್ ಹೊಡೆದರೂ ಎಂಜಿನ್ ಮಿಸುಕದಿದ್ದರೆ ಬಲವಂತ ಬೇಡ. ಅದರಲ್ಲೂ ಹಳ್ಳ ದಾಟುವಾಗ ನೀರು ನುಗ್ಗಿ ನಿಂತ ಎಂಜಿನಿಗೆ ಸೆಲ್ಫ್ ಹೊಡೆಯಲೇಬಾರದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಬಾಗುವುದು ಕನೆಕ್ಟಿಂಗ್ ರಾಡು. ಷೆವರ್ಲೆಯ ಹಳೆಯ 216 ಎಂಜಿನ್ ಇನ್ನೂ ಇಟ್ಟುಕೊಂಡಿರುವ ಭಾಗ್ಯವಂತರಿಗೆ ಒಂದು ಮಾತು. ಅದರ ರಾಡ್ ಬೇರಿಂಗುಗಳಿಗೆ ಎಣ್ಣೆ ಸಿಗುವುದು ಹೆಚ್ಚಾಗಿ ಎರಚಾಟದಿಂದ, ಒತ್ತಡದಿಂದಲ್ಲ. ಇಂದಿನ ಹೆದ್ದಾರಿಯ ವೇಗಕ್ಕೆ ಅದು ಹುಟ್ಟಿದ್ದಲ್ಲ. ಪೂರ್ಣ ಒತ್ತಡದಿಂದ ಎಣ್ಣೆ ಹಾಯಿಸುವ 235 ಎಂಜಿನ್ ಆ ಪಿಕಪ್ಪುಗಳಿಗೆ ಬಂದದ್ದು 1954ರಲ್ಲಿ.

ಹಬೆಯೆದ್ದು ನಿಂತಿದ್ದರೆ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ. ಒತ್ತಡದಲ್ಲಿರುವ ನೀರು ನೂರು ಡಿಗ್ರಿ ಮೀರಿದ್ದರೂ ಕುದಿಯದೆ ಕುಳಿತಿರುತ್ತದೆ, ಮುಚ್ಚಳ ತೆರೆದೊಡನೆ ಮುಖಕ್ಕೆ ಹಾರುತ್ತದೆ.

ಯಾವುದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಹೆದ್ದಾರಿಯಲ್ಲಿ 1033, ಜೀವಕ್ಕೆ ಅಪಾಯವಿದ್ದರೆ ಎಲ್ಲಿಯಾದರೂ 112. ಸೀಟಿನಡಿ ಒಂದು ಬೆಲ್ಟು, ಒಂದು ಮೀಟರ್ ಹೋಸು, ನಾಲ್ಕು ಕ್ಲಿಪ್ಪು, ಪಾಯಿಂಟು, ಕಂಡೆನ್ಸರು, ತಂತಿ ಕಟ್ಟಿದ ಒಂದು ಟೆಸ್ಟ್ ಬಲ್ಬು, ಎರಡು ಮರದ ದಿಮ್ಮಿ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಕಲ್ಲು ಹುಡುಕುವಷ್ಟು ಪುರುಸೊತ್ತು ಇರುವುದಿಲ್ಲ.

ಇದರ ಜೊತೆಗೆ ಒಂದು ಪುಸ್ತಕ. ಎಂಜಿನ್ ಬದಲಿಸಿದವರು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನಂತೆ ಆರ್.ಟಿ.ಓ. ಅನುಮತಿ ಪಡೆದು ಆರ್.ಸಿ.ಯಲ್ಲಿ ಹೊಸ ನಂಬರ್ ಬರೆಸಬೇಕು, ಅದು ಸರ್ಕಾರದ ಲೆಕ್ಕ. ನಾನು ಹೇಳುವುದು ನಿಮ್ಮ ಲೆಕ್ಕ. ಎರಡು ರೂಪಾಯಿ ಪೆನ್ಸಿಲಿನಲ್ಲಿ ನಿಮ್ಮ ಗಾಡಿಯ ಜಾತಕ ಬರೆದಿಡಿ. ಎಂಜಿನ್ ಯಾವ ಗಾಡಿಯದು, ಯಾವ ವರ್ಷದ್ದು. ಆಲ್ಟರ್ನೇಟರ್, ಬೂಸ್ಟರ್, ಪಂಪ್ ಯಾವುದರದು. ಬೆಲ್ಟಿನ ನಂಬರ್ ಎಷ್ಟು. ಯಾವ ಬಣ್ಣದ ತಂತಿ ಎಲ್ಲಿಂದ ಎಲ್ಲಿಗೆ. ಹೋಸ್ ಕೂಡಿಸಿದ ಜಾಗ ಎಲ್ಲೆಲ್ಲಿ. ಗಾಡಿ ಕಟ್ಟಿದ ಮೇಸ್ತ್ರಿಯ ತಲೆಯಲ್ಲಿ ಇದೆಲ್ಲ ಇದೆ, ಆದರೆ ರಾತ್ರಿ ಹನ್ನೊಂದಕ್ಕೆ ಮೂಡಿಗೆರೆಯ ಆಚೆ ಟಾರ್ಚ್ ಹಿಡಿದು ಬಾನೆಟ್ ಎತ್ತುವವನು ಆ ಮೇಸ್ತ್ರಿಯಾಗಿರುವುದಿಲ್ಲ. ಅವನು ಮೊದಲು ಕೇಳುವುದು "ಇದು ಯಾವ ಗಾಡೀದು ಇಂಜಿನ್ನು ಸ್ವಾಮಿ?" ಎಂದು. ಆ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಡ್ಯಾಷ್‌ಬೋರ್ಡಿನೊಳಗೆ ಇಡಿ.